ತವರಿನ ಬಾಗಿನದಲ್ಲಿ ಬಂದ ಮಿಕ್ಸಿ

ಅಪ್ಪನ ನೆನಪಿಗೊಂದು ಪುಸ್ತಕ ತರುತ್ತಿದ್ದೇವೆ, ಮಗಳಾದ ನೀವು ಮನೆಯ ಬಗ್ಗೆ ನಾಲ್ಕು ಪುಟ ಬರೆದುಕೊಡಲೇಬೇಕು ಎಂದು ಮೂವರು ಬಂದು ಕೂತಾಗ ನಾನು ಯಾವ ಬಿಂಕವನ್ನೂ ಮಾಡದೆ ಒಪ್ಪಿಕೊಂಡೆ. ಇಂಥದೊಂದು ಕರೆಗೆ ನಾನು ಎಷ್ಟು ವರ್ಷದಿಂದ ಹಲ್ಲು ಕಚ್ಚಿಕೊಂಡು ಕಾದಿದ್ದೆ ಎಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ. ದೇವನಹಳ್ಳಿ ಕಡೆಯ ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಇರುವವರು; ವಾರಕ್ಕೊಂದು ದಿನ ಫೋನು ಮುಟ್ಟದ ವ್ರತ ಹಿಡಿದಿದ್ದಾರಂತೆ. ಕರೆಂಟಿಲ್ಲದ ಮನೆಯಲ್ಲಿ ಬದುಕಿ ತೋರಿಸಿದ ನಮ್ಮಪ್ಪನೇ ಅವರಿಗೆ ಗುರು. ಮಾತಿನ ನಡುವೆ ಒಬ್ಬನ ಫೋನಿನ ಚಾರ್ಜ್ ಮುಗಿದು, ಪ್ಲಗ್ ಎಲ್ಲಿದೆ ಆಂಟಿ ಎಂದು ಕೇಳಿದ. ಮುಖಪುಟಕ್ಕೆ ಆರಿಸಿದ್ದ ಫೋಟೋ ತೋರಿಸಿದರು. ಅಮ್ಮ ಒರಳುಕಲ್ಲಿನ ಮುಂದೆ ಕೂತು ಚಟ್ನಿ ರುಬ್ಬುತ್ತಿದ್ದಾಳೆ, ನಗುತ್ತಿದ್ದಾಳೆ. ಹಿಂದೆ ಅಪ್ಪ ಕೈಕಟ್ಟಿ ನಿಂತಿದ್ದಾನೆ. ಎಷ್ಟು ನೆಮ್ಮದಿ ಇದೆ ನೋಡಿ ಆ ಮುಖದಲ್ಲಿ ಎಂದರು. ನಾನು ನಾಲ್ಕು ಪುಟದ ಬದಲು ಹದಿನೈದು ಪುಟ ಬರೆದು ಕಳಿಸಿದೆ. ವಾರದೊಳಗೆ ವಾಪಸ್ ಬಂತು, ಸ್ವಲ್ಪ ಕಹಿ ಕಡಿಮೆ ಮಾಡಿಕೊಡಿ ಎಂಬ ಕೋರಿಕೆಯ ಜೊತೆಗೆ. ಕಡಿಮೆ ಮಾಡುವುದಿರಲಿ, ಅಲ್ಲಿ ಮರ್ಯಾದೆಗೆಂದು ಬಿಟ್ಟಿದ್ದನ್ನೂ ಸೇರಿಸಿ ಈಗ ನನ್ನದೇ ಪುಸ್ತಕಕ್ಕೆ ಹಾಕುತ್ತಿದ್ದೇನೆ. ಇಲ್ಲಿ ಯಾರ ಕತ್ತರಿಯೂ ಆಡುವುದಿಲ್ಲ.

ದೊಡ್ಡಬಳ್ಳಾಪುರದ ನೇಯ್ಗೆಯವರ ಬೀದಿಯಲ್ಲಿ ನಮ್ಮದು ಅರ್ಧ ಮನೆ. ಒಂದೇ ಮನೆಯಾಗಿದ್ದುದನ್ನು ಅಪ್ಪ, ದೊಡ್ಡಪ್ಪ ಇಬ್ಬರೂ ಜಗಳವಾಡಿ, ಹಜಾರದಿಂದ ಅಡುಗೆಮನೆಯವರೆಗೆ ನಟ್ಟನಡುವೆ ಇಟ್ಟಿಗೆ ಗೋಡೆ ಎಬ್ಬಿಸಿ ಹಂಚಿಕೊಂಡಿದ್ದರು. ಜಗಳ ಆಸ್ತಿಯದಲ್ಲ, ಕರೆಂಟಿನದು. ಬೀದಿಯವರೆಲ್ಲ ಕೈಮಗ್ಗ ಬಿಚ್ಚಿ ಪವರ್‌ಲೂಮ್ ಹಾಕಿಸುತ್ತಿದ್ದಾಗ ದೊಡ್ಡಪ್ಪನೂ ಹಾಕಿಸೋಣ ಎಂದ, ಅಪ್ಪ ಕೂಡದು ಎಂದ. ಗೋಡೆಯ ಆ ಕಡೆ ನಾಲ್ಕು ಪವರ್‌ಲೂಮ್ ಬಂದವು. ಈ ಕಡೆ ಅಜ್ಜನ ಕಾಲದ ಕುಣಿಮಗ್ಗ ಉಳಿಯಿತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು, ಅಲ್ಲಿನ ಹಲಗೆಗಳನ್ನು ತುಳಿಯುತ್ತಾ ನೇಯುವ ಮಗ್ಗ ಅದು. ಆ ನಾಲ್ಕರ ಹೊಡೆತಕ್ಕೆ ನಮ್ಮ ಗೋಡೆ ಹಗಲಿಡೀ ನಡುಗುತ್ತಿತ್ತು. ಅಡುಗೆಮನೆಯ ಹಲಗೆಯ ಮೇಲೆ ಜೋಡಿಸಿಟ್ಟ ಲೋಟ ತಟ್ಟೆಗಳು ಬೆಳಗಿನಿಂದ ಸಂಜೆಯೊಳಗೆ ನಾಲ್ಕು ಬೆರಳಷ್ಟು ಮುಂದಕ್ಕೆ ಬಂದಿರುತ್ತಿದ್ದವು. ಅಮ್ಮ ದಿನಕ್ಕೆರಡು ಸಲ ಅವನ್ನು ಹಿಂದಕ್ಕೆ ತಳ್ಳುತ್ತಿದ್ದಳು, ಮರೆತ ದಿನ ಒಂದಾದರೂ ಕೆಳಗೆ ಬೀಳುತ್ತಿತ್ತು. ನಾವೆಲ್ಲ ಕೂಗಿಯೇ ಮಾತಾಡುತ್ತಿದ್ದೆವು. ನನ್ನ ಗಂಟಲು ಇವತ್ತಿಗೂ ಹಾಗೇ ಇದೆ. ಮೂವತ್ತು ವರ್ಷ ಮೇಷ್ಟ್ರಗಿರಿ ಮಾಡಿದಾಗ ಅದು ಉಪಯೋಗಕ್ಕೂ ಬಂತು.

ಅಪ್ಪನ ಮಾತಿನಲ್ಲಿ ಹುರುಳಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಹಗಲು ಹೊತ್ತಿನಲ್ಲಿ ಕರೆಂಟು ಹೋದಾಗ ಇಡೀ ಬೀದಿ ಒಮ್ಮೆಲೇ ಸತ್ತಂತೆ ಸುಮ್ಮನಾಗುತ್ತಿತ್ತು. ಗಂಡಸರೆಲ್ಲ ಜಗಲಿಗೆ ಬಂದು ಬೀಡಿ ಹಚ್ಚುತ್ತಿದ್ದರು. ಆಗ ಅಪ್ಪ ಊಟದ ಮುಂದೆ ಕೂತಿದ್ದರೂ ಎದ್ದು, ಕೈ ತೊಳೆದು, ಮಗ್ಗಕ್ಕೆ ಇಳಿಯುತ್ತಿದ್ದ. ಬೀದಿ ತುದಿಯವರೆಗೂ ನಮ್ಮ ಮಗ್ಗವೊಂದೇ ಕೇಳುತ್ತಿತ್ತು. ಬೇಕೆಂದೇ ಜೋರಾಗಿ ಬಡಿಯುತ್ತಿದ್ದ.

"ಕೇಳುಸ್ತಾ ರತ್ನಿ, ಯಾರ ಮಗ್ಗ ಓಡ್ತಾ ಐತೆ? ಸ್ವಿಚ್ಚು ಹಾಕ್ದೋನೇ ಯಜಮಾನ ಅನ್ಕೊಂಡವ್ನೆ ನಿಮ್ಮ ದೊಡ್ಡಪ್ಪ. ಕರೆಂಟು ಹೋದಾಗ ಗೊತ್ತಾಗ್ತದೆ ಯಜಮಾನ ಯಾರು ಅಂತ."

ನನಗೆ ಆಗ ಹೆಮ್ಮೆಯಿಂದ ಎದೆ ಉಬ್ಬುತ್ತಿತ್ತು. ಸೇಡಿನ ರುಚಿ ನನಗೆ ಹತ್ತಿದ್ದೇ ಅಪ್ಪನಿಂದ, ಆ ಕರೆಂಟಿಲ್ಲದ ಮಧ್ಯಾಹ್ನಗಳಲ್ಲಿ. ಆ ವಿದ್ಯೆಯನ್ನು ಕಲಿಸಿದವನ ಮೇಲೇ ಅದನ್ನು ಪ್ರಯೋಗಿಸುತ್ತೇನೆಂದು ಆಗ ತಿಳಿದಿರಲಿಲ್ಲ, ಅಷ್ಟೇ.

ಅಪ್ಪನ ವ್ರತ ಮಗ್ಗಕ್ಕೆ ನಿಲ್ಲಲಿಲ್ಲ. ಮನೆಗೆ ಕರೆಂಟಿನ ತಂತಿಯೇ ಬರಕೂಡದು ಎಂದಾಯಿತು. ಬಲ್ಬು ಕಣ್ಣಿಗೆ ಕೆಡುಕು, ರೇಡಿಯೋ ಕಿವಿಗೆ ಕೆಡುಕು ಎಂದು ಎಲ್ಲಕ್ಕೂ ಒಂದೊಂದು ಕಾರಣ ಹುಟ್ಟಿತು. ರಾಗಿಯನ್ನು ಗಿರಣಿಗೆ ಕೊಡಬಾರದು, ಬೀಸುಕಲ್ಲಿನಲ್ಲೇ ಬೀಸಬೇಕು. ಚಟ್ನಿ, ಮುದ್ದೆಗೆ ಮಾಡುವ ಉಪ್ಸಾರಿನ ನುಣ್ಣನೆ ಖಾರ, ಭಾನುವಾರದ ಇಡ್ಲಿ ಹಿಟ್ಟು ಎಲ್ಲವನ್ನೂ ಹಿತ್ತಲ ಬಾಗಿಲ ಬಳಿ ನೆಲಕ್ಕೆ ಹೂತಿದ್ದ ಒರಳುಕಲ್ಲಿನಲ್ಲೇ ರುಬ್ಬಬೇಕು. ನೀರು ಬೀದಿ ನಲ್ಲಿಯಿಂದ ಹೊತ್ತು ತರಬೇಕು. ಹೀಗೆ ವ್ರತ ಅಪ್ಪನದು, ರಟ್ಟೆ ಅಮ್ಮನದು. ಅಪ್ಪ ತನ್ನ ಪಂಚೆಯನ್ನು ತಾನೇ ಒಗೆದುಕೊಳ್ಳುತ್ತಿದ್ದ, ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದ. ಬೀಸುಕಲ್ಲಿನ ಗೂಟ ಎಡಕ್ಕೆ ತಿರುಗುತ್ತದೋ ಬಲಕ್ಕೋ ಎಂದು ಕೇಳಿದ್ದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ. ನೇಯ್ದ ಸೀರೆ ಹೊತ್ತು ಬೆಂಗಳೂರಿಗೆ ಹೋಗಲು ಮಾತ್ರ ಬಸ್ಸಾಗುತ್ತಿತ್ತು. ಅಮ್ಮನ ತಮ್ಮ, ಬೂದಿಗೆರೆಯ ಮುನಿರಾಜು ಮಾವ, ಒಂದು ಸಲ ಎಲ್ಲರೆದುರು ಕೇಳಿಯೂ ಬಿಟ್ಟಿದ್ದ.

"ಅಲ್ಲಾ ಭಾವ, ಬೆಂಗ್ಳೂರಿಗೆ ಹೋಗೋವಾಗ ಬಸ್ಸನ್ನ ನಮ್ಮಕ್ಕನೇ ತಳ್ಕೊಂಡು ಹೋಗ್ಬೇಕಾ, ಇಲ್ಲಾ ಅದಕ್ಕೆ ಇಂಜಿನ್ನು ಪರ್ವಾಗಿಲ್ವಾ?"

"ನಾನು ಹೇಳ್ತಿರೋದು ನಮ್ಮನೆ ಹೊಸ್ಲಿಂದ ಒಳಗಿನ ಮಾತು ಕಣಯ್ಯಾ" ಎಂದ ಅಪ್ಪ. ಹೊಸ್ತಿಲ ಒಳಗೆ ದಿನವಿಡೀ ಇರುವವರು ಯಾರು ಎಂದು ಮಾವ ಕೇಳಲಿಲ್ಲ, ಅಮ್ಮ ಕಣ್ಣಿನಲ್ಲೇ ಸುಮ್ಮನಿರು ಎಂದಿದ್ದಳು.

ನನಗೆ ಹತ್ತು ವರ್ಷವಿದ್ದಾಗ ಅಮ್ಮ ನಲ್ಲಿ ನೀರು ತರುತ್ತಾ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಮಾತು ಬಿಟ್ಟಿದ್ದ ದೊಡ್ಡಪ್ಪನೂ ಓಡಿಬಂದು ಆಸ್ಪತ್ರೆಗೆ ಕರೆದುಕೊಂಡು ಹೋಗೋಣ, ಎಕ್ಸ್‌ರೇ ತೆಗೆಸೋಣ ಎಂದ. ಮೂಳೆ ಕೂಡಿಸುವುದಕ್ಕೆ ಕರೆಂಟೇಕೆ ಎಂದು ಅಪ್ಪ ಅವನನ್ನು ಕಳಿಸಿ, ಎಣ್ಣೆ ಹಚ್ಚಿ ಬಿದಿರು ದಬ್ಬೆ ಕಟ್ಟುವವನನ್ನು ಕರೆಸಿದ. ಕೈ ಕೂಡಿಕೊಂಡಿತು, ಸೊಟ್ಟಗೆ. ಕಟ್ಟು ಬಿಚ್ಚುವ ದಿನ ಆ ಮನುಷ್ಯನೇ ಗಾಬರಿಯಾಗಿ ಅಪ್ಪನೆದುರೇ ಹೇಳಿದ.

"ಗುಂಡ್ಕಲ್ಲು ಮುಟ್ಬ್ಯಾಡ ತಾಯಿ. ಇನ್ನೊಂದು ಸಲ ನೋವಾಯ್ತೋ, ಈ ಕೈ ನಿನ್ನದಲ್ಲ."

ಅಪ್ಪ ತಲೆಯಾಡಿಸಿದ. ಮರುದಿನದಿಂದ ಒರಳಿನೊಳಗೆ ತಿರುಗಿಸುವ ಆ ಗುಂಡುಕಲ್ಲು ನನ್ನ ಪಾಲಿಗೆ ಬಂತು. ಅದು ನನ್ನ ಮೊಣಕಾಲೆತ್ತರ ಇತ್ತು. ಎರಡೂ ಕೈಯಲ್ಲಿ ತಬ್ಬಿ ಹಿಡಿದು ತಿರುಗಿಸಿದರೆ ಹಿಟ್ಟು ತರಿತರಿಯಾಗಿಯೇ ಉಳಿಯುತ್ತಿತ್ತು. ಶಾಲೆಗೆ ದಿನಾ ತಡ. ಖಾರ ರುಬ್ಬಿದ ಕೈಯಲ್ಲಿ ಕಣ್ಣೊರೆಸಿಕೊಂಡು, ಅಳುತ್ತಾ ಬರುವ ಹುಡುಗಿ ಎಂದು ಹೆಸರು ಬಂತು. ನಾನು ಹೊರಟ ಮೇಲೆ ಅಮ್ಮ ಗುಟ್ಟಾಗಿ ಕೂತು, ತರಿಯಾಗಿದ್ದುದನ್ನು ಎಡಗೈಯಲ್ಲಿ ಇನ್ನೊಂದಿಷ್ಟು ರುಬ್ಬುತ್ತಿದ್ದಳು, ಎಡಗೈ ಸೋತಾಗ ಬಲಗೈ ಹಾಕುತ್ತಿದ್ದಳು. ಸಂಜೆ ನಾನು ಬರುವ ಹೊತ್ತಿಗೆ ಮಣಿಕಟ್ಟು ಊದಿರುತ್ತಿತ್ತು. ಅಪ್ಪನಿಗೆ ಕಾಣಿಸುತ್ತಿರಲಿಲ್ಲವೇ? ರೇಷ್ಮೆಯಲ್ಲಿ ಒಂದೆಳೆ ಕಡಿದರೆ ಗುರುತಿಸುವ ಕಣ್ಣು ಅವನದು. ಕಾಣಿಸುತ್ತಿತ್ತು. ಇದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಆ ವರ್ಷದ ಗೌರಿ ಹಬ್ಬಕ್ಕೆ ಮಾವ ಬಾಗಿನ ತಂದ. ತವರಿನ ಬಾಗಿನವೆಂದರೆ ಒಂದು ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ ಎಲ್ಲ ಇಟ್ಟು, ಮೇಲೆ ಇನ್ನೊಂದು ಮೊರ ಕವುಚಿ ಕೊಡುವುದು. ಈ ಸಲದ ಮೊರ ಎರಡರಷ್ಟು ಅಗಲವಿತ್ತು, ಮೇಲಿನ ಮೊರ ಕೂರದೆ ಗೋಪುರದ ಹಾಗೆ ಎದ್ದು ನಿಂತಿತ್ತು, ಸುತ್ತಲೂ ಹಸಿರು ರವಿಕೆ ಕಣದಿಂದ ಬಿಗಿದಿದ್ದರು. ಅಮ್ಮ ಅರಿಸಿನ ಕುಂಕುಮ ಹಚ್ಚಿ, ಸೆರಗು ಹೊದ್ದು, ನಮಸ್ಕಾರ ಮಾಡಿ ತೆಗೆದುಕೊಂಡಳು. ಮೇಲಿನ ಮೊರ ಎತ್ತಿದರೆ ಅಕ್ಕಿ ಬೆಲ್ಲದ ನಡುವೆ, ಬಳೆಗಳನ್ನು ಕೊರಳಿಗೆ ಹಾಕಿಕೊಂಡು, ಬಿಳಿ ಬಣ್ಣದ ಒಂದು ಮಿಕ್ಸಿ ಕೂತಿತ್ತು.

"ಏನಯ್ಯಾ ಇದು ಮುನಿರಾಜು?"

"ಬಾಗಿನ ಭಾವ. ಅಕ್ಕನಿಗೆ."

"ಬಾಗಿನದಲ್ಲಿ ಮಿಷನ್ನು ಇಡ್ತಾರೇನಯ್ಯಾ ಯಾರಾದ್ರೂ?"

"ತವರ್ನೋರು ಪ್ರೀತಿಯಿಂದ ಏನಿಡ್ತಾರೋ ಅದೇ ಬಾಗಿನ. ಬೇಡ ಅಂದ್ರೆ ಹೇಳ್ಬಿಡಿ, ವಾಪಸ್ ತಗೊಂಡ್ಹೋಗ್ತೀನಿ. ಗೌರಿ ದಿನ ಮುತ್ತೈದೆ ಬಾಗಿನ ಹಿಂದಕ್ಕೆ ಕಳ್ಸಿದ್ರೆ ಗಂಡನ ಆಯುಸ್ಸಿಗೆ ಒಳ್ಳೇದಲ್ಲ ಅಂತಾರೆ. ನನಗೇನು, ನಿಮ್ಮಿಷ್ಟ."

ನೆಲದ ಮೇಲೆ ಕಣ್ಣಿಟ್ಟು ಮಾವ ಇದನ್ನು ಎಷ್ಟು ವಿನಯದಿಂದ ಹೇಳಿದನೆಂದರೆ, ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕರೆಂಟಿಗೂ ಅಣ್ಣನಿಗೂ ಊರಿಗೂ ಹೆದರದ ಅಪ್ಪ ಅದಕ್ಕೆ ಹೆದರಿದ. ಯೋಚನೆ ಮಾಡಿ, ಗಂಟಲು ಸರಿಮಾಡಿಕೊಂಡು, ತನಗೆ ಬೇಕಾದ ದಾರಿ ಹುಡುಕಿಕೊಂಡ.

"ಇರ್ಲಿ, ಬಾಗಿನ ಅಂದ್ಮೇಲೆ ಇರ್ಲಿ. ನಮ್ಮನೇಲಿ ಕರೆಂಟಂತೂ ಇಲ್ಲ. ಕುಂಕುಮ ಇಟ್ಟು ಪೂಜೆ ಮಾಡ್ಕೊಂಡಿರ್ಲಿ ನಿಮ್ಮಕ್ಕ."

ಹಾಗೇ ಆಯಿತು. ಎರಡು ತಿಂಗಳು ಆ ಮಿಕ್ಸಿ ಅಡುಗೆಮನೆಯ ಹಲಗೆಯ ಮೇಲೆ ಕೂತಿತ್ತು. ಆಯುಧಪೂಜೆಯ ದಿನ ಅಪ್ಪ ಮಗ್ಗಕ್ಕೆ ಹೂವಿಟ್ಟ, ಅಮ್ಮ ಮಿಕ್ಸಿಗೆ ಇಟ್ಟಳು.

ಅಮ್ಮನಿಗೂ ದೊಡ್ಡಮ್ಮನಿಗೂ ಮಾತಿರಲಿಲ್ಲ. ಅವರಿಬ್ಬರ ನಡುವೆ ಜಗಳವೇನೂ ಆಗಿರಲಿಲ್ಲ. ಗಂಡಂದಿರು ಮಾತು ಬಿಟ್ಟಿದ್ದರಿಂದ ಇವರೂ ಬಿಟ್ಟಿದ್ದರು. ಅಡುಗೆಮನೆಯ ಗೋಡೆಯಲ್ಲಿ ಒಂದು ಇಟ್ಟಿಗೆ ಸಡಿಲವಾಗಿತ್ತು. ದೊಡ್ಡಪ್ಪನ ಮಗ್ಗಗಳೇ ಅಲುಗಾಡಿಸಿ ಅಲುಗಾಡಿಸಿ ಅದನ್ನು ಹಾಗೆ ಮಾಡಿದ್ದವು. ಒಂದು ಬೆಳಗ್ಗೆ ನಾನು ಗುಂಡುಕಲ್ಲನ್ನು ತಬ್ಬಿಕೊಂಡು ಅಳುತ್ತಿದ್ದಾಗ ಅಡುಗೆಮನೆಯಲ್ಲಿ ಆ ಇಟ್ಟಿಗೆ ತಾನೇ ಹಿಂದಕ್ಕೆ ಜರುಗಿತು. ತೂತಿನಲ್ಲಿ ದೊಡ್ಡಮ್ಮನ ಮೂಗುತಿ ಕಾಣಿಸಿತು.

"ಗಿರಿಜಾ, ವೈರ್ ಬಿಡ್ತೀನಿ, ಹಿಡ್ಕೊ."

"ಅಕ್ಕಾ, ಇವ್ರಿಗೆ ಗೊತ್ತಾದ್ರೆ?"

"ನಮ್ಮ ನಾಲ್ಕು ಮಗ್ಗ ಹೊಡ್ಕೋತಿರೋವಾಗ ಯಮಧರ್ಮ ಬಂದು ಹೆಸ್ರಿಡಿದು ಕರೆದ್ರೂ ಕೇಳ್ಸಲ್ಲ ಕಣೇ. ಆ ಮಗೀನ ಎಬ್ಬಿಸು ಕಲ್ಲಿಂದ. ರುಬ್ಕೊ."

ಮಿಕ್ಸಿಯ ಪ್ಲಗ್ಗನ್ನು ಅಮ್ಮ ಮೊದಲು ಕಣ್ಣಿಗೊತ್ತಿಕೊಂಡು, ವೈರಿನ ತುದಿಗೆ ಸಿಕ್ಕಿಸಿದಳು. ಆಮೇಲೆ ಮಿಕ್ಸಿ ತಿರುಗಿತು. ಮೂರು ನಿಮಿಷದಲ್ಲಿ ಖಾರ ಬೆಣ್ಣೆಯಂತಾಯಿತು. ಅಮ್ಮ ತಿರುಗುತ್ತಿದ್ದ ಜಾರಿನ ಮೇಲೆ ಎರಡೂ ಕೈಯಿಟ್ಟುಕೊಂಡು ಅತ್ತಳು, ನಾನು ಕುಣಿದೆ, ದೊಡ್ಡಮ್ಮ ಆ ಕಡೆಯಿಂದ ಸಾಕೇನೇ ಎಂದು ಕೂಗುತ್ತಿದ್ದಳು. ಆ ದಿನ ನಾನು ಶಾಲೆಗೆ ಬೆಲ್ಲಿಗೆ ಮುಂಚೆ ಹೋದೆ.

ಅಲ್ಲಿಂದ ಎರಡು ವರ್ಷ ನಮ್ಮದೇ ರಾಜ್ಯ. ಅಪ್ಪ ಹಜಾರದಲ್ಲಿ ಮಗ್ಗಕ್ಕೆ ಇಳಿದ ಮೇಲೆ, ಆ ಕಡೆಯ ಮಗ್ಗಗಳು ಶುರುವಾದ ಮೇಲೆ, ಇಟ್ಟಿಗೆ ಜರುಗುತ್ತಿತ್ತು. ಮಗ್ಗ ನಿಲ್ಲಿಸುವ ಮುಂಚೆ ದೊಡ್ಡಮ್ಮ ಲಟ್ಟಣಿಗೆಯಿಂದ ಗೋಡೆಗೆ ಎರಡು ಏಟು ಹಾಕುತ್ತಿದ್ದಳು. ಕರೆಂಟು ತಟಕ್ಕನೆ ಹೋದರೂ ಭಯವಿರಲಿಲ್ಲ, ಮಗ್ಗದ ಜೊತೆ ಮಿಕ್ಸಿಯೂ ನಿಲ್ಲುತ್ತಿತ್ತು. ರುಬ್ಬಿದ್ದನ್ನು ಒರಳಿಗೆ ಸುರಿದು, ಗುಂಡುಕಲ್ಲನ್ನು ನಾಲ್ಕು ಸುತ್ತು ಸುಮ್ಮನೆ ಹೊರಳಿಸಿ, ಅದಕ್ಕಿಷ್ಟು ಇದಕ್ಕಿಷ್ಟು ಮೆತ್ತಿ, ಅಪ್ಪ ಕೈತೊಳೆಯಲು ಬರುವ ಹೊತ್ತಿಗೆ ಅಲ್ಲಿಂದಲೇ ಬಳಿಯುತ್ತಿದ್ದೆವು. ಅಪ್ಪನ ಕೈಮಗ್ಗದ ಸೀರೆಗೆ ಬೆಂಗಳೂರಿನ ದೊಡ್ಡ ಮನುಷ್ಯರು ಗಿರಾಕಿಗಳಾಗತೊಡಗಿದ್ದ ಕಾಲ ಅದು. ಬಂದವರು ಊಟಕ್ಕೆ ಕೂತಾಗ ಅಪ್ಪ ಮುದ್ದೆ ಮುರಿಯುತ್ತಾ ಹೇಳುತ್ತಿದ್ದ.

"ನಾಲಿಗೆ ಮೇಲಿಟ್ಟು ನೋಡಿ ಸಾರ್. ಕಲ್ಲಲ್ಲಿ ರುಬ್ಬಿದ ರುಚಿ ಆ ಮಿಕ್ಸಿಗೆ ಬರ್ತದಾ? ಅದು ಬರೀ ಸುಡ್ತದೆ."

"ಖಂಡಿತ ಬರಲ್ಲ" ಎಂದು ಅವರು ತಲೆದೂಗುತ್ತಿದ್ದರು. ಬಡಿಸುತ್ತಿದ್ದ ಅಮ್ಮ ಬಾಗಿಲ ಸಂದಿಯಲ್ಲಿದ್ದ ನನ್ನನ್ನು ನೋಡುತ್ತಿದ್ದಳು. ಅವಳು ಮನಸಾರೆ ನಕ್ಕಿದ್ದನ್ನು ನಾನು ಕಂಡದ್ದು ಆ ಎರಡು ವರ್ಷಗಳಲ್ಲೇ. ಮಣಿಕಟ್ಟಿನ ಊತ ಇಳಿದಿತ್ತು. ನನ್ನ ಜಡೆಯನ್ನು ಅವಳೇ ಹೆಣೆಯುವಷ್ಟು ಬೆರಳುಗಳು ಆಡತೊಡಗಿದ್ದವು.

ಈಗ ಆ ಫೋಟೋದ ದಿನಕ್ಕೆ ಬರುತ್ತೇನೆ. ಸರಳ ಜೀವನದ ಬಗ್ಗೆ ಸಭೆ ಮಾಡುತ್ತಿದ್ದ ಬೆಂಗಳೂರಿನ ಒಂದು ಗುಂಪಿನ ಹತ್ತು ಮಂದಿ, ಬಿಳಿ ಗಡ್ಡದ ಹಿರಿಯರೊಬ್ಬರ ಜೊತೆ, ಅಪ್ಪನಿಗೆ ಶಾಲು ಹೊದಿಸಲು ಬಂದರು. ಅತಿಥಿಗಳಿಗೆ ಕೈಮಗ್ಗದ ಸದ್ದು ಕೇಳಬೇಕೆಂದು ಅಪ್ಪ ಗೋಡೆ ಎದ್ದ ಮೇಲೆ ಮೊದಲ ಸಲ ಅದರಾಚೆಗೆ ಹೋಗಿ ಅಣ್ಣನನ್ನು ಕೇಳಿಕೊಂಡ. ದೊಡ್ಡಪ್ಪನೂ ದೊಡ್ಡ ಮನುಷ್ಯರೆಂದು ನಾಲ್ಕೂ ಮಗ್ಗ ನಿಲ್ಲಿಸಿದ. ಬೆಳಗ್ಗೆ ಮಗ್ಗ ನಿಲ್ಲುವ ಮುಂಚೆಯೇ ಮಿಕ್ಸಿಯಲ್ಲಿ ರುಬ್ಬಿ ಮುಗಿಸಿದ್ದ ಅಡುಗೆಯನ್ನು ಎಲ್ಲರೂ ಹೊಗಳಿ ಹೊಗಳಿ ಉಂಡರು. ಊಟವಾದ ಮೇಲೆ ಹಿರಿಯರು ಆ ಒರಳುಕಲ್ಲನ್ನು ನೋಡಬೇಕೆಂದರು. ಕ್ಯಾಮೆರಾದವನು ಬರೀ ಕಲ್ಲನ್ನೇನು ತೆಗೆಯುವುದು, ಅಮ್ಮ ರುಬ್ಬುತ್ತಿದ್ದರೆ ಚೆನ್ನ ಎಂದ.

"ಬಾ ಗಿರಿಜಾ, ಕೂತ್ಕೊ. ರುಬ್ಬಿ ತೋರ್ಸು."

"ರೀ, ಕೈ..."

"ನಾಲ್ಕು ಸುತ್ತು ಅಷ್ಟೇ. ದೊಡ್ಡೋರು ಕೇಳ್ತಿದಾರೆ."

ಎಡಗೈಯಲ್ಲಿ ಶುರುಮಾಡಿದಳು. ಎಡಗೈ ಚೆನ್ನಾಗಿ ಕಾಣಿಸಲ್ಲ ಎಂದ ಕ್ಯಾಮೆರಾದವನು. ಬಲಗೈ ಹಾಕಿದಳು. ನಾಲ್ಕು ಸುತ್ತು ಹತ್ತಾಯಿತು. ಬಿಸಿಲು ಬರಲಿ ಎಂದು ಕಾದರು, ಮತ್ತೆ ಶುರು. ಮಣಿಕಟ್ಟಿನಲ್ಲಿ ಏನೋ ಟಕ್ಕೆಂದಿದ್ದು ಹೊಸ್ತಿಲಲ್ಲಿ ನಿಂತಿದ್ದ ನನಗೇ ಕೇಳಿಸಿತು. "ಸ್ವಲ್ಪ ನಗಿ ಅಮ್ಮ" ಎಂದ ಕ್ಯಾಮೆರಾದವನು. ಅಮ್ಮ ಹಲ್ಲು ಬಿಟ್ಟಳು. ಮುಖಪುಟದ ನೆಮ್ಮದಿ ಅದು. ಅವಳು ನಗುತ್ತಿಲ್ಲ, ಕಿರುಚದಿರಲು ಹಲ್ಲು ಕಚ್ಚಿದ್ದಾಳೆ. ಹಿಂದೆ ಕೈಕಟ್ಟಿ ನಿಂತವನು ನೋಡುತ್ತಿರುವುದು ಅವಳನ್ನಲ್ಲ, ಕ್ಯಾಮೆರಾವನ್ನು.

ನನಗೆ ಹನ್ನೆರಡು ವರ್ಷ. ಏನು ಮಾಡುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಡುಗೆಮನೆಗೆ ಹೋದೆ, ಇಟ್ಟಿಗೆ ತಳ್ಳಿದೆ, ವೈರು ಎಳೆದೆ, ಖಾಲಿ ಜಾರನ್ನು ಮಿಕ್ಸಿಯ ಮೇಲೆ ಕೂರಿಸಿ ಗುಂಡಿಯನ್ನು ತುದಿಯವರೆಗೂ ತಿರುಗಿಸಿದೆ. ಮಗ್ಗಗಳಿಲ್ಲದ ಆ ಮೌನದಲ್ಲಿ ಖಾಲಿ ಮಿಕ್ಸಿ ಮನೆ ಕಿತ್ತುಹೋಗುವಂತೆ ಅರಚಿತು. ನಾನು ನಿಲ್ಲಿಸಲಿಲ್ಲ. ಹಿತ್ತಲಲ್ಲಿ ಎಲ್ಲರೂ ತಿರುಗಿ ನೋಡಿದರು. ಅಪ್ಪನ ಮುಖ ಬಿಳಿಚಿದ್ದು ನನಗೆ ಬಾಗಿಲಿಂದ ಕಂಡಿತು. ಸತ್ಯ ಬಿಟ್ಟರೆ ಬೇರೆ ಆಡದವನು ಎಂದು ಹೆಸರಾದ ನಮ್ಮಪ್ಪ ನಕ್ಕು ಹೇಳಿದ.

"ಪಕ್ಕದ ಮನೆ ಸಾರ್. ನಮ್ಮಣ್ಣಂದು. ಅವ್ರಿಗೆ ಮಿಷನ್ ಇಲ್ದೆ ನೀರೂ ಗಂಟಲಲ್ಲಿ ಇಳಿಯಲ್ಲ."

ಎಲ್ಲರೂ ನಕ್ಕರು. ಗೋಡೆಯ ಆ ಕಡೆ ಗದ್ದಲ, ಈ ಕಡೆ ಶಾಂತಿ ಎಂದು ಹಿರಿಯರು ಅಲ್ಲೇ ಪುಸ್ತಕ ತೆಗೆದು ಬರೆದುಕೊಂಡರು. ಈಗ ತರುತ್ತಿರುವ ಪುಸ್ತಕದಲ್ಲೂ ಆ ವಾಕ್ಯ ಇದೆ, ದಪ್ಪ ಅಕ್ಷರದಲ್ಲಿ.

ಅತಿಥಿಗಳು ಹೋದ ಮೇಲೆ ಅಪ್ಪ ಅಡುಗೆಮನೆಗೆ ಬಂದ. ಕೂಗಲಿಲ್ಲ, ಹೊಡೆಯಲಿಲ್ಲ. ವೈರನ್ನು ತೂತಿನಿಂದ ಆಚೆ ದಬ್ಬಿ, ಇಟ್ಟಿಗೆ ಇಟ್ಟು, ಮಣ್ಣು ಕಲಸಿ ತಂದು ಮೆತ್ತಿದ. ಕೈ ತೊಳೆಯುತ್ತಾ, ಎಷ್ಟು ದಿನದಿಂದ ಎಂದು ಕೇಳಿದ. ಎರಡು ವರ್ಷ ಎಂದಳು ಅಮ್ಮ. ಅಂದಿನಿಂದ ಅವಳು ಬೇಯಿಸಿದ್ದನ್ನು ಮುಟ್ಟುವುದು ಬಿಟ್ಟ. ಮೂರು ಹೊತ್ತೂ ನೆನೆಸಿದ ಅವಲಕ್ಕಿ, ಒಂದಿಷ್ಟು ಬೆಲ್ಲ. ಹೊಡೆದಿದ್ದರೆ ಬೀದಿ ಅಮ್ಮನ ಕಡೆ ನಿಲ್ಲುತ್ತಿತ್ತು. ಉಪವಾಸ ಕೂತಿದ್ದರಿಂದ ಊರೇ ಅವನ ಕಡೆ ವಾಲಿತು. ನಂಜುಂಡಪ್ಪನೋರು ಬೆಂದದ್ದನ್ನೂ ಬಿಟ್ಟರಂತೆ, ಎಂಥಾ ತಪಸ್ಸು ಎಂದು ನೋಡಲು ಬರತೊಡಗಿದರು. ವಯಸ್ಸಾದ ಹೆಂಗಸರು ಅಮ್ಮನನ್ನು ಪಕ್ಕಕ್ಕೆ ಕರೆದು, ಗಂಡನನ್ನು ಹಸಿವಿನಲ್ಲಿ ಕೂರಿಸಿ ನೀನು ಹೇಗೆ ಉಣ್ಣುತ್ತೀಯೇ ಎಂದರು. ಅಮ್ಮ ಮತ್ತೆ ಕಲ್ಲಿಗೆ ಕೂತಳು, ಕಲ್ಲಲ್ಲಿ ರುಬ್ಬಿದ್ದೇ ಇದು, ಉಣ್ಣಿ ಎಂದು ದಿನಾ ತಟ್ಟೆ ಇಟ್ಟಳು. ಅವನು ದಿನಾ ತಟ್ಟೆ ಸರಿಸಿದ. ಹತ್ತು ಹನ್ನೆರಡು ದಿನದಲ್ಲಿ ಆ ಮಣಿಕಟ್ಟು ಮಡಚದ ಹಾಗಾಯಿತು. ಲೋಟವನ್ನು ಎರಡೂ ಕೈಯಲ್ಲಿ ಎತ್ತುತ್ತಿದ್ದಳು. ರವಿಕೆಯ ಹುಕ್ಕು ನಾನು ಹಾಕುತ್ತಿದ್ದೆ. ಮಿಕ್ಸಿ ಹಾಕಿ ನಾನೇ ಇದನ್ನೆಲ್ಲ ಅವಳ ಮೈಮೇಲೆ ಎಳೆದು ತಂದೆನೆಂದು ಅತ್ತಾಗ ಅವಳು ಬೈಯಲಿಲ್ಲ.

ಒಂದು ಬೆಳಗ್ಗೆ, ಪಕ್ಕದ ಮಗ್ಗಗಳು ಹೊಡೆದುಕೊಳ್ಳುತ್ತಿದ್ದವು, ಅಪ್ಪ ಕುಣಿಯಲ್ಲಿ ಕಾಲಿಳಿಬಿಟ್ಟು ಮದುವೆ ಸೀರೆಯೊಂದನ್ನು ನೇಯುತ್ತಿದ್ದ. ಅಮ್ಮ ಗುಂಡುಕಲ್ಲನ್ನು ಒರಳಿನಿಂದ ಎಡಗೈಯಲ್ಲಿ ಎಳೆದು ಕೆಡವಿ, ಕಾಲಿನಿಂದ ತಳ್ಳುತ್ತಾ, ಹಿತ್ತಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಜಾರಕ್ಕೆ ಉರುಳಿಸಿಕೊಂಡು ಬಂದಳು. ಅನ್ನದ ಕಲ್ಲು ಅದು, ಅಪ್ಪಿತಪ್ಪಿ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದವಳು.

"ಏಯ್, ಏನಿದು! ಕಾಲಲ್ಲಿ ತಳ್ತೀಯಾ ಅದನ್ನ?"

"ಕೈ ಇಲ್ವಲ್ಲಾ. ಕಾಲಿದೆ."

ಕೊನೆಯ ಸಲ ತಳ್ಳಿದಳು. ಕಲ್ಲು ಕುಣಿಯ ಅಂಚಿಗೆ ಬರುತ್ತಿದ್ದುದನ್ನು ಕಂಡು ಅಪ್ಪ ಕಾಲು ಮೇಲಕ್ಕೆ ಎಳೆದುಕೊಂಡ. ಅದು ಒಳಗೆ ಬಿದ್ದು, ತುಳಿಯುವ ಹಲಗೆಗಳ ಮೇಲೆ ಅಡ್ಡಡ್ಡ ಕೂತಿತು. ಅದನ್ನು ಎತ್ತುವವರೆಗೆ ಇನ್ನು ನೇಯುವಂತಿರಲಿಲ್ಲ.

"ಸರಳವಾಗಿ ಬದುಕ್ಬೇಕು ಅಂದೋರು ನೀವು. ನಾನು ಯಾವತ್ತಾದ್ರೂ ಅಂದಿದ್ನಾ? ನಿಮ್ಮ ವ್ರತಾನ ನಿಮ್ಮ ಕೈಯಲ್ಲೇ ಮಾಡಿ. ಕಲ್ಲಲ್ಲಿ ರುಬ್ಬಿದ್ದೇ ಬೇಕು ಅಂದ್ರೆ ನೀವು ರುಬ್ಬಿ. ಬೇಡ ಅಂದ್ರೆ ಆ ಇಟ್ಟಿಗೆ ತೆಗೀರಿ. ಎರಡರಲ್ಲಿ ಒಂದು. ಅಲ್ಲೀವರ್ಗೂ ನಾನೂ ರತ್ನೀನೂ ಅಕ್ಕನ ಮನೇಲಿ ಉಣ್ತೀವಿ."

ಅಷ್ಟು ಉದ್ದದ ಮಾತನ್ನು ಅವಳು ಅಪ್ಪನೆದುರು ಅದುವರೆಗೆ ಆಡಿರಲಿಲ್ಲ. ನನ್ನ ಕೈ ಹಿಡಿದು ಬೀದಿಯ ಬಾಗಿಲಿನಿಂದಲೇ, ಎಲ್ಲರಿಗೂ ಕಾಣುವ ಹಾಗೆ, ದೊಡ್ಡಮ್ಮನ ಮನೆಗೆ ನಡೆದಳು. ಅಪ್ಪ ಮಧ್ಯಾಹ್ನದವರೆಗೂ ಆ ಕಲ್ಲನ್ನು ನೋಡುತ್ತಾ ಕೂತಿದ್ದನಂತೆ. ಮದುವೆ ಸೀರೆ ಕಾಯುವುದಿಲ್ಲ. ಕೊನೆಗೆ ಕುಣಿಗಿಳಿದು, ಎರಡು ಸಲ ಎತ್ತಲಾಗದೆ ಕೆಳಗಿಟ್ಟು, ಮೂರನೆಯ ಸಲಕ್ಕೆ ಎದೆಗವಚಿಕೊಂಡು ಹಿತ್ತಲಿಗೆ ಹೊತ್ತ. ಅವನು ಇಟ್ಟಿಗೆ ತೆಗೆಯುತ್ತಾನೆಂದು ನಾನೂ ದೊಡ್ಡಮ್ಮನೂ ಆ ಕಡೆಯಿಂದ ಗೋಡೆಗೆ ಕಿವಿಗೊಟ್ಟು ನಿಂತಿದ್ದೆವು. ತೆಗೆಯಲಿಲ್ಲ. ಒರಳಿನ ಸದ್ದು ಬಂತು.

ಹಟದಲ್ಲಿ ಅವನನ್ನು ಮೀರಿಸುವವರಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಅಂದಿನಿಂದ ಸಾಯುವ ಹಿಂದಿನ ವರ್ಷದವರೆಗೆ ಆ ಮನೆಯ ಖಾರ, ಚಟ್ನಿ, ಹಿಟ್ಟು ಎಲ್ಲವನ್ನೂ ಅಪ್ಪನೇ ರುಬ್ಬಿದ. ಮೊದಲ ವಾರ ಅಂಗೈಯಲ್ಲಿ ಬೊಬ್ಬೆ ಎದ್ದವು. ನೇಯುವವನ ಅಂಗೈ ಒರಟಾದರೆ ರೇಷ್ಮೆ ಎಳೆ ಸಿಕ್ಕಿಕೊಳ್ಳುತ್ತದೆ. ಅವನು ತುಪ್ಪ ಸವರಿಕೊಂಡು, ಎಳೆ ಕಡಿದಾಗೆಲ್ಲ ಗೊಣಗುತ್ತಾ ಕೂರುತ್ತಿದ್ದ. ಖಾರ ಹತ್ತಿದ ಕೈಯಲ್ಲಿ ಕಣ್ಣುಜ್ಜಿಕೊಂಡು ಕುಣಿದಾಡಿದ ದಿನ ನಾನು ಬಾಗಿಲ ಹಿಂದೆ ನಿಂತು ಹೊಟ್ಟೆ ತುಂಬಾ ನಕ್ಕೆ, ಅದಕ್ಕೆ ಇವತ್ತಿಗೂ ನಾಚಿಕೆಯಿಲ್ಲ. ಅಮ್ಮನ ಮಣಿಕಟ್ಟು ಮಾತ್ರ ಮತ್ತೆ ಮಡಚಲಿಲ್ಲ. ದೊಡ್ಡಪ್ಪ ತಡವಾಗಿ ಆಸ್ಪತ್ರೆಗೆ ತೋರಿಸಿದರೂ ಪ್ರಯೋಜನವಾಗಲಿಲ್ಲ. ಯಾರಾದರೂ ನನ್ನೆದುರು ದೊಡ್ಡ ದೊಡ್ಡ ಆದರ್ಶದ ಮಾತು ಶುರುಮಾಡಿದರೆ ನಾನು ಅವರ ಮುಖ ನೋಡುವುದಿಲ್ಲ, ಅವರ ಮನೆಯಲ್ಲಿ ಯಾರ ಕೈ ಊದಿದೆ ಎಂದು ನೋಡುತ್ತೇನೆ. ಆ ಬುದ್ಧಿ ಬಂದದ್ದು ಅಲ್ಲಿಂದಲೇ.

ಊರಿನವರು ಬಿಡಬೇಕಲ್ಲ. ಗಂಡಸಾಗಿ ಒರಳು ತಿರುಗಿಸುತ್ತಾರೆ, ಹೆಂಡತಿಗೆ ಕಷ್ಟ ಕೊಡುವುದಿಲ್ಲ, ಇಂಥಾ ಸಂತ ನಮ್ಮ ಬೀದಿಯಲ್ಲಿದ್ದಾರೆ ಎಂದು ಹೊಸ ಹೊಗಳಿಕೆ ಶುರುವಾಯಿತು. ಬೆಂಗಳೂರಿನ ಗುಂಪು ಮತ್ತೊಂದು ಶಾಲು ತಂದಿತು. ನನಗೆ ಮೈಯೆಲ್ಲ ಉರಿದುಹೋಯಿತು. ಅವರು ಒಳಗೆ ಕೂತು ಅಪ್ಪ ರುಬ್ಬುವುದನ್ನು ನೋಡುತ್ತಿದ್ದಾಗ ನಾನು ಜಗಲಿಗೆ ಬಂದೆ. ಅಮ್ಮ ಕಂಬಕ್ಕೊರಗಿ ಕೂತು, ಎಡಗೈಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಅಮ್ಮಾ, ಕೈ ಹೋಗಿದ್ದು ನಿಂದು. ಎಲ್ಲಾ ಅಪ್ಪನ್ನೇ ಹೊಗಳ್ತಾವ್ರೆ. ಒಳಗೋಗಿ ನಡೆದದ್ದೆಲ್ಲಾ ಹೇಳ್ಬಿಡ್ಲಾ?"

ಅಮ್ಮ ಒಳಗಿನ ಕಲ್ಲಿನ ಸದ್ದಿಗೆ ಒಂದಿಷ್ಟು ಹೊತ್ತು ಕಿವಿಗೊಟ್ಟಳು.

"ಹೊಗಳ್ಲಿ ಬಿಡೇ. ರುಬ್ತಿರೋದು ಯಾರು ಹೇಳು?"

ಆಮೇಲೆ ಕತ್ತು ಮಾತ್ರ ಬಾಗಿಲ ಕಡೆ ತಿರುಗಿಸಿ, ಅತಿಥಿಗಳಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದಳು.

"ರೀ, ಉಪ್ಸಾರಿನ ಖಾರ ಅದು. ಇನ್ನೊಂದು ಐವತ್ತು ಸುತ್ತು ತಿರುಗ್ಸಿ."